ತೆರೆಯ ಮೇಲಣ ಭಯ

ಚಲಚ್ಚಿತ್ರವನ್ನು ನೋಡಿ ಹೆದರಿದೆವೆಂದು ಒಪ್ಪಿಕೊಳ್ಳುವುದು ಮೀಸೆ ನರೆತವರಿಗೆ ಶೋಭಿಸುವ ಮಾತಲ್ಲವೆಂದು ಕೆಲವರು ನಗಬಹುದು. ನಗಲಿ. ಬಾಲ್ಯದಲ್ಲಿ ಎರಡನೆಯ ಆಟವನ್ನು ಮುಗಿಸಿ ಮನೆಗೆ ಮರಳುವಾಗ ಊರಾಚೆಯ ಹುಣಿಸೆಯ ಮರದ ಬಳಿ ಹೆಜ್ಜೆಯನ್ನು ಚುರುಕುಮಾಡದವರು ವಾಚಕ ಮಹಾಶಯರಲ್ಲಿ ಎಷ್ಟು ಮಂದಿ ಇದ್ದಾರು?

ನಮ್ಮನ್ನು ಮೊದಲು ಹೆದರಿಸಿದ್ದು 1979ರಲ್ಲಿ ತೆರೆಕಂಡ ‘ನಾ ನಿನ್ನ ಬಿಡಲಾರೆ’. ನಮ್ಮ ಊರಿಗೆ ಅದು ಒಂದು ವರ್ಷ ತಡವಾಗಿ, ಟೂರಿಂಗ್ ಟಾಕೀಸಿನ ಡೇರೆಗೆ ಬಂದಿತು. ಘಂಟಸಾಲರ ಕಂಠದಲ್ಲಿ ವೆಂಕಟೇಶನ ಸ್ತುತಿಯ ತಟ್ಟೆಯನ್ನು ಹಾಕಿದೊಡನೆಯೇ ಪಾಠಶಾಲೆಯ ಹುಡುಗರಾದ ನಮಗೆ ಸಂಧ್ಯಾವಂದನೆಯು ಬೇಗಬೇಗನೆ ಮುಗಿಯುತ್ತಿದ್ದಿತು. ನೆಲದ ಮೇಲಿನ ಮರಳನ್ನು ಗುಡ್ಡೆಮಾಡಿ ಪೀಠ ಮಾಡಿಕೊಂಡು ಕುಳಿತೆವು. ಸತ್ತ ಹೆಂಗಸಿನ ಪ್ರೇತವು ಗಂಡಸಿನ ಮೈಮೇಲೆ ಬರುವ ಕಥೆ ಅದು. ದೆವ್ವ ಹಿಡಿಯುವುದು ಹೆಂಗಸರಿಗೆ ಎಂದು ಕೇಳಿ ಬೆಳೆದ ನಮಗೆ ಈ ಒಂದು ತಿರುವೇ ಸಾಕಾಗಿದ್ದಿತು. ಅನಂತನಾಗರ ಸೌಮ್ಯವಾದ ಮುಖವು ನೋಡನೋಡುತ್ತಿದ್ದಂತೆ ಅವರದಲ್ಲದ್ದಾಯಿತು. ಪತ್ನಿಯ ಪಾತ್ರದ ಲಕ್ಷ್ಮಿಯವರ ಕಣ್ಣಿನಲ್ಲಿ ಕಂಡದ್ದೇ ನಮ್ಮ ಕಣ್ಣಿನಲ್ಲಿಯೂ ಇದ್ದಿರಬೇಕು. ರೀಲು ಬದಲಿಸಲೆಂದು ದೀಪ ಹಾಕಿದಾಗ ಪಕ್ಕದಲ್ಲಿದ್ದ ಅಣ್ಣನವರ ಪಂಚೆಯ ಅಂಚು ನಮ್ಮ ಮುಷ್ಟಿಯಲ್ಲಿ ಮುದ್ದೆಯಾಗಿತ್ತು. ಆ ಮೇಲೆ ಎಂಟು ದಿನ ರಾತ್ರಿ ಹಿತ್ತಿಲಿಗೆ ಹೋಗಬೇಕಾದರೆ ಅಮ್ಮನವರು ಲಾಂದ್ರ ಹಿಡಿದು ಬಾಗಿಲಲ್ಲಿ ನಿಲ್ಲಬೇಕಾಯಿತು.

ಆದರೂ ಒಂಬತ್ತನೆಯ ದಿನ ಅದೇ ಚಿತ್ರಕ್ಕೆ ಮತ್ತೆ ಹೋದೆವಲ್ಲ! ಇದರ ಮರ್ಮವೇನು? ಪಾಠಶಾಲೆಯಲ್ಲಿ ನಮ್ಮ ಗುರುಗಳು ಭರತಮುನಿಯ ಎಂಟು ರಸಗಳನ್ನು ಬಾಯಿಪಾಠ ಮಾಡಿಸಿದ್ದರು. ಭಯಾನಕಕ್ಕೆ ಭಯವೇ ಸ್ಥಾಯಿ, ಬಣ್ಣ ಕಪ್ಪು, ಅಧಿದೇವತೆ ಕಾಲ. ಈ ರಸವನ್ನು ವಿವರಿಸುವಾಗ ಅಭಿನವಗುಪ್ತನು ಕಾಳಿದಾಸನ ಶಾಕುಂತಲದ ಮೊದಲ ಅಂಕದಲ್ಲಿ ದುಷ್ಯಂತನ ರಥಕ್ಕೆ ಬೆದರಿ ಓಡುವ ಜಿಂಕೆಯನ್ನೇ ಎತ್ತಿಕೊಳ್ಳುತ್ತಾನೆ. ಆ ಭಯವು ಜಿಂಕೆಯದೂ ಅಲ್ಲ, ನಟನದೂ ಅಲ್ಲ, ಪ್ರೇಕ್ಷಕನದೂ ಅಲ್ಲ. ದೇಶಕಾಲಗಳ ಕಟ್ಟು ಕಳಚಿದ ಬರಿಯ ಭಯ, ಆದುದರಿಂದಲೇ ಅದನ್ನು ಸವಿಯಬಹುದು ಎಂಬುದು ಅವನ ಅಭಿಪ್ರಾಯದ ತಿರುಳು. ಡೇರೆಯ ಮರಳಿನಲ್ಲಿ ಕುಳಿತ ಹತ್ತು ವರ್ಷದ ಹುಡುಗನಿಗೆ ಇದು ತಿಳಿಯದಿದ್ದರೂ, ಅನುಭವವು ಇದೇ ಆಗಿದ್ದಿತು.

ಪಶ್ಚಿಮದ ಚಿತ್ರಕಾರರಲ್ಲಿ ಸಮರ್ಥರಾದವರು ಈ ಸೂಕ್ಷ್ಮವನ್ನು ತಮ್ಮದೇ ದಾರಿಯಿಂದ ಕಂಡುಕೊಂಡರು. 1960ರ ‘ಸೈಕೋ’ ಚಿತ್ರದಲ್ಲಿ ಸ್ನಾನದ ಮನೆಯ ಕೊಲೆಗೆ ಹಿಚ್‌ಕಾಕರು ರಕ್ತದ ಬದಲು ಚಾಕೊಲೇಟಿನ ಪಾಕವನ್ನು ಸುರಿಸಿದರು. ಬರ್ನಾರ್ಡ್ ಹರ್ಮನ್ನರು ತಂತಿವಾದ್ಯಗಳನ್ನು ಮಾತ್ರ ಬಳಸಿ ಕೇಳುವವರ ನರಗಳ ಮೇಲೆಯೇ ಕಮಾನು ಎಳೆದರು. 1975ರ ‘ಜಾಸ್’ ಚಿತ್ರದ ಯಾಂತ್ರಿಕ ಶಾರ್ಕ್ ಮೀನು ಸಮುದ್ರದ ಉಪ್ಪುನೀರಿನಲ್ಲಿ ಮೇಲಿಂದ ಮೇಲೆ ಕೆಟ್ಟು ನಿಂತುದರಿಂದ, ಸ್ಪೀಲ್‌ಬರ್ಗರು ಬಹುಹೊತ್ತು ಮೀನನ್ನೇ ತೋರಿಸದೆ ಕೇವಲ ನೀರನ್ನೂ ಸಂಗೀತವನ್ನೂ ತೋರಿಸಿ ನಿರ್ವಹಿಸಬೇಕಾಯಿತು. ಯಂತ್ರ ಕೆಟ್ಟದ್ದೇ ಚಿತ್ರಕ್ಕೆ ಭಾಗ್ಯವಾಯಿತು. ನಮ್ಮಲ್ಲಿ ಮುಂಬಯಿಯ ರಾಮ್ಸೆ ಬಂಧುಗಳು 1972ರಿಂದ ಮೊದಲುಮಾಡಿ ತಯಾರಿಸಿದ ಭೂತಚಿತ್ರಗಳಲ್ಲಿ ಬಣ್ಣ ಬಳಿದ ಮುಖಗಳೇ ಹೆಚ್ಚು. ಅಲ್ಲಿ ಭಯಾನಕವು ಬೀಭತ್ಸಕ್ಕೆ ಜಾರುತ್ತದೆ. ಆ ಕಾಲದಲ್ಲಿ ಅವುಗಳನ್ನೂ ಒಂದನ್ನೂ ಬಿಡದೆ ನೋಡಿದೆವೆಂಬುದು ಬೇರೆ ಮಾತು.

ಇವೆಲ್ಲ ದೀಪ ಹಾಕಿದೊಡನೆ ಬಿಟ್ಟುಹೋದ ಭಯಗಳು. ಬಿಟ್ಟುಹೋಗದ ಭಯವೊಂದನ್ನು ಕಂಡದ್ದು 1988ರ ಜನವರಿಯಲ್ಲಿ, ದೂರದರ್ಶನದಲ್ಲಿ. ಭೀಷ್ಮ ಸಾಹನಿಯವರ ಕಾದಂಬರಿಯನ್ನು ಆಧರಿಸಿ ಗೋವಿಂದ ನಿಹಲಾನಿಯವರು ತೆಗೆದ ‘ತಮಸ್’. ನಮಗೆ ಆಗ 18 ವರ್ಷ. ಬೀದಿಯಲ್ಲಿ ದೂರದರ್ಶನ ಪೆಟ್ಟಿಗೆಯಿದ್ದ ಒಂದೇ ಮನೆಯ ಜಗಲಿಯಲ್ಲಿ ಹಿಂದೂ ಮುಸಲ್ಮಾನರೆನ್ನದೆ ಇಪ್ಪತ್ತು ಮೂವತ್ತು ಜನ ಸೇರಿದ್ದೆವು. ಹಿಂದಿಯ ಪರೀಕ್ಷೆಗೆ ಕುಳಿತವರು ನಾವೊಬ್ಬರೇ ಆದುದರಿಂದ ಅರ್ಥ ಹೇಳುವ ಕೆಲಸವೂ ನಮ್ಮದಾಯಿತು.

ಮೊದಲ ದೃಶ್ಯದಲ್ಲಿ ದೆವ್ವವಿಲ್ಲ, ಕೊಲೆಗಾರನಿಲ್ಲ. ಮಬ್ಬು ಬೆಳಕಿನ ಗುಡಿಸಲೊಂದರಲ್ಲಿ ನತ್ಥೂ ಎಂಬ ಬಡ ಚಮ್ಮಾರನು ಒಂದು ಹಂದಿಯನ್ನು ಕೊಲ್ಲಲು ಹೆಣಗುತ್ತಾನೆ, ಅಷ್ಟೆ. ಜಾನುವಾರು ವೈದ್ಯರಿಗೆ ಬೇಕಾಗಿದೆಯೆಂದು ಹೇಳಿ ಮುರಾದ್ ಅಲಿ ಎಂಬ ಪರಿಚಿತನೊಬ್ಬ ಅವನ ಕೈಯಲ್ಲಿ 5 ರೂಪಾಯಿ ಇಟ್ಟಿರುತ್ತಾನೆ. ನತ್ಥೂವಾದ ಓಂ ಪುರಿಯವರು ಬೆವರುತ್ತಾ ಬಾಗುತ್ತಾ ಆ ಕೆಲಸ ಮುಗಿಸುತ್ತಾರೆ. ಬೆಳಗಾಗುವಾಗ ಹಂದಿಯ ಹೆಣ ಮಸೀದಿಯ ಮೆಟ್ಟಿಲ ಮೇಲಿರುತ್ತದೆ. ಆಮೇಲಿನದೆಲ್ಲ ದೇಶವಿಭಜನೆಯ ಇತಿಹಾಸ. 1947ರ ಮಾರ್ಚಿಯಲ್ಲಿ ರಾವಲ್ಪಿಂಡಿಯ ಸೀಮೆಯಲ್ಲಿ ನಡೆದುದನ್ನು ಸಾಹನಿಯವರು ಕಣ್ಣಾರೆ ಬಲ್ಲವರು. ಅಂಗಡಿ ಸುಟ್ಟು ರಾತ್ರೋರಾತ್ರಿ ಓಡುವ ವೃದ್ಧ ಹರನಾಮ ಸಿಂಗನ ಪಾತ್ರವನ್ನು ಚಿತ್ರದಲ್ಲಿ ಅವರೇ ವಹಿಸಿದ್ದಾರೆ. ಆ ವೃದ್ಧ ದಂಪತಿಗಳಿಗೆ ಆಶ್ರಯ ಕೊಡುವವಳು ಒಬ್ಬ ಮುಸಲ್ಮಾನ ಗೃಹಿಣಿ. ಅವಳ ಮನೆಗೆ ಲೂಟಿಯಾಗಿ ಬರುವ ಪೆಟ್ಟಿಗೆ ಆ ಅತಿಥಿಯದೇ! ಜಗಲಿಯಲ್ಲಿ ಆ ಹೊತ್ತು ಯಾರೂ ಅರ್ಥ ಕೇಳಲಿಲ್ಲ. ಕೊನೆಗೆ ಎದ್ದಾಗ ಒಬ್ಬರ ಮುಖ ಒಬ್ಬರು ನೋಡದೆ ಹೋದೆವು.

ಪ್ರಸಾರವನ್ನು ತಡೆಯಬೇಕೆಂದು ಮೊಕದ್ದಮೆಯೂ ಆಯಿತು. ಮುಂಬಯಿಯ ಉಚ್ಚ ನ್ಯಾಯಾಲಯದಲ್ಲಿ ನ್ಯಾಯಮೂರ್ತಿ ಲೆಂಟಿನ್ ಮತ್ತು ಸುಜಾತಾ ಮನೋಹರ್ ಅವರು ಇಡೀ ಚಿತ್ರವನ್ನು ತಾವೇ ನೋಡಿ ತಡೆಗೆ ಕಾರಣ ಕಾಣಲಿಲ್ಲ. ಅದೇ ಫೆಬ್ರುವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವೂ ಅದನ್ನೇ ಎತ್ತಿಹಿಡಿಯಿತು. ಇಂಥ ಚಿತ್ರವನ್ನು ಅಳೆಯುವುದು ವಿವೇಕವೂ ದಾರ್ಢ್ಯವೂ ಉಳ್ಳ ಮನುಷ್ಯನ ದೃಷ್ಟಿಯಿಂದಲೇ ಹೊರತು ದುರ್ಬಲಚಿತ್ತನ ದೃಷ್ಟಿಯಿಂದಲ್ಲವೆಂಬುದು ನ್ಯಾಯಾಲಯದ ನಿಲುವು. ನ್ಯಾಯವಾದ ಮಾತು. ಅಭಿನವಗುಪ್ತನ ಜಿಂಕೆಗೆ ಮಾತ್ರ ಇಲ್ಲಿ ಎಡೆಯಿಲ್ಲ. ಈ ಭಯಕ್ಕೆ ದೇಶವೂ ಉಂಟು, ಕಾಲವೂ ಉಂಟು, ಸವಿಯಲು ಬರುವುದಿಲ್ಲ.

ಹೀಗೆ ಬರೆಯುತ್ತಿರುವವರು ತಾವೇನು ಮಾಡಿದಿರಿ ಎಂದು ವಾಚಕರು ಕೇಳಬಹುದು. ಹೇಳಬೇಕಾದುದೇ. ಪತ್ರಿಕೆಯ ಹೊಣೆ ನಮ್ಮ ಕೈಗೆ ಬಂದ ಹೊಸದರಲ್ಲಿ, ಒಂದು ರಾತ್ರಿ ಹನ್ನೊಂದರ ಸುಮಾರಿಗೆ ಪರಿಚಿತರಾದ ಒಬ್ಬ ಗೃಹಸ್ಥರು ದೂರವಾಣಿಯಲ್ಲಿ ಕರೆದರು. ಪೇಟೆಯ ದೇವಸ್ಥಾನದ ಬಾಗಿಲಲ್ಲಿ ಏನನ್ನೋ ಎಸೆದಿದ್ದಾರೆ, ಬೆಳಗ್ಗಿನ ಪತ್ರಿಕೆಯಲ್ಲಿ ಬಾರದಿದ್ದರೆ ನಮಗೆ ಊರಿನ ಮೇಲೆ ಅಭಿಮಾನವಿಲ್ಲವೆಂದು ಜನ ಅಂದಾರು ಎಂದರು. ಪುಟ ಕಟ್ಟಿಯಾಗಿತ್ತು. ಮೂರು ಸಾಲಿಗೆ ಜಾಗವಿತ್ತು. ‘ಎನ್ನಲಾಗಿದೆ’ ಎಂಬ ಪದವನ್ನು ಸೇರಿಸಿ ಮೂರು ಸಾಲು ಬರೆದುಕೊಟ್ಟೆವು. ದೇವಸ್ಥಾನಕ್ಕೂ ಅಚ್ಚುಕೂಟಕ್ಕೂ ನಡುವೆ ಇದ್ದದ್ದು ಹತ್ತು ನಿಮಿಷದ ದಾರಿ. ಹೋಗಿ ನೋಡಲಿಲ್ಲ. ಬಾಗಿಲಲ್ಲಿ ಇದ್ದದ್ದು ಬೀದಿನಾಯಿ ಎಳೆದು ತಂದ ಮೂಳೆಯೆಂದು ಮರುದಿನ ಮಧ್ಯಾಹ್ನಕ್ಕೆ ಎಲ್ಲರಿಗೂ ತಿಳಿಯಿತು. ಅಷ್ಟರಲ್ಲಿ ಬಸ್ಸು ನಿಲ್ದಾಣದ ಬಳಿ ಬಾಳೆಯ ಹಣ್ಣು ಮಾರುತ್ತಿದ್ದ ಸಾಬರ ಕೈಗಾಡಿಯು ಸುಟ್ಟು ಬೂದಿಯಾಗಿದ್ದಿತು. ಅವರ ಬಲಗೈಗೆ ಬೆಂಕಿ ತಗುಲಿತು. ಮರುವಾರ ಶಾಂತಿಸಭೆಯಲ್ಲಿ ಆ ದೂರವಾಣಿಯ ಗೃಹಸ್ಥರು ಮೊದಲ ಸಾಲಿನಲ್ಲಿ ಕುಳಿತಿದ್ದರು. ಕಾದಂಬರಿಯ ಕೊನೆಯಲ್ಲಿ ಶಾಂತಿಯ ಬಸ್ಸಿನಲ್ಲಿ ಘೋಷಣೆ ಕೂಗುವ ಮುರಾದ್ ಅಲಿಯನ್ನು ಓದಿದವರಿಗೆ ಹೆಚ್ಚು ಹೇಳಬೇಕಾಗಿಲ್ಲ. ಮುರಾದ್ ಅಲಿಗಿಂತ ನಮ್ಮ ನಿದ್ದೆ ಕೆಡಿಸಿದವನು ನತ್ಥೂ. ಅವನಾದರೋ 5 ರೂಪಾಯಿಗೆ ಮಾಡಿದ, ಓದು ಬಾರದವನು, ಬಡವ.

ತಪ್ಪೊಪ್ಪಿಗೆಯನ್ನು ಅಚ್ಚುಮಾಡಿದೆವು, ಒಳಪುಟದಲ್ಲಿ. ಈಗ ನೆನೆದರೆ ಅದೂ ಒಂದು ಹೇಡಿತನವೆಂದೇ ತೋರುತ್ತದೆ. ಅಂದಿನಿಂದ ರಾತ್ರಿ ಬಂದ ಇಂಥ ಸುದ್ದಿಗೆ ಒಬ್ಬರು ಸ್ಥಳಕ್ಕೆ ಹೋಗಿ ನೋಡಿ ಬರುವವರೆಗೂ ಯಂತ್ರ ನಿಲ್ಲಬೇಕೆಂಬುದು ನಮ್ಮ ಅಚ್ಚುಕೂಟದ ಕಟ್ಟಳೆ. ಈಗ ಕೈಯಲ್ಲಿ ಹಿಡಿಯುವ ದೂರವಾಣಿಗಳಲ್ಲಿಯೇ ಸುದ್ದಿ ಊರೆಲ್ಲ ಹರಡಿ, ನಮ್ಮ ಪತ್ರಿಕೆಯು ಅರ್ಧ ದಿನ ಹಿಂದೆ ಬೀಳುವುದುಂಟು. ವ್ಯವಸ್ಥಾಪಕರು ಗೊಣಗುತ್ತಾರೆ.

ಹಣ್ಣಿನ ಸಾಬರು ತೀರಿಕೊಂಡು ಕೆಲವು ವರ್ಷಗಳಾದುವು. ಅವರ ಮಗ ಅದೇ ಸ್ಥಳದಲ್ಲಿ ಗಾಡಿ ನಿಲ್ಲಿಸುತ್ತಾರೆ. ಬೆಳಗ್ಗೆ ನಮ್ಮ ಪತ್ರಿಕೆಯನ್ನೇ ಕೊಳ್ಳುತ್ತಾರೆ. ಆ ಮೂರು ಸಾಲುಗಳ ಸಂಗತಿ ಅವರಿಗೆ ತಿಳಿದಿದೆಯೋ ಇಲ್ಲವೋ, ನಾವು ಇಂದಿಗೂ ಕೇಳಿಲ್ಲ.