ಭಾನುವಾರಗಳನ್ನು ನುಂಗಿದ ಸಂಖ್ಯೆ

ಚದುರಂಗದ ಹಲಗೆಯ ಕಥೆ ನಮಗೆಲ್ಲ ಗೊತ್ತು. ಮೊದಲ ಮನೆಗೆ ಒಂದು ಕಾಳು, ಎರಡನೆಯದಕ್ಕೆ ಎರಡು, ಮೂರನೆಯದಕ್ಕೆ ನಾಲ್ಕು; ಅರವತ್ತನಾಲ್ಕು ಮನೆ ತುಂಬುವಷ್ಟರಲ್ಲಿ ರಾಜನ ಕಣಜ ಬರಿದು! ಆ ಹಲಗೆಗೆ ಇನ್ನು ಮೂರು ಮನೆ ಸೇರಿಸಿ. ಆಗ ಒಟ್ಟು ಕಾಳು 14,75,73,95,25,89,67,64,12,927. ಅರವತ್ತೇಳು ಎರಡುಗಳನ್ನು ಒಂದಕ್ಕೊಂದು ಗುಣಿಸಿ, ಒಂದು ಕಳೆದರೆ ಬರುವ ಸಂಖ್ಯೆ ಇದು. ಇದರ ಬೆನ್ನು ಹತ್ತಿದವರ ಕಥೆ ಕಾಳಿನ ಕಥೆಗಿಂತ ಸ್ವಾರಸ್ಯ.

1644ರಲ್ಲಿ ಫ್ರಾನ್ಸಿನ ಪಾದ್ರಿ ಮರ್ಸೆನ್ ಇದನ್ನು ಅವಿಭಾಜ್ಯ ಸಂಖ್ಯೆಗಳ ಪಟ್ಟಿಗೆ ಸೇರಿಸಿದ್ದ. ಅಂದರೆ ಒಂದು ಮತ್ತು ತನ್ನನ್ನು ಬಿಟ್ಟು ಬೇರಾವುದರಿಂದಲೂ ಇದು ಶೇಷವಿಲ್ಲದೆ ಭಾಗವಾಗದು ಎಂದು. 1876ರಲ್ಲಿ ಅದೇ ದೇಶದ ಲ್ಯೂಕಾಸ್ ಎಂಬ ಗಣಿತಜ್ಞ ‘ಇಲ್ಲ, ಇದು ಭಾಗವಾಗುತ್ತದೆ’ ಎಂದು ಸಾಧಿಸಿದ. ಯಾವುದರಿಂದ ಎಂದು ಮಾತ್ರ ಅವನಿಗೂ ಗೊತ್ತಾಗಲಿಲ್ಲ. ಪೆಟ್ಟಿಗೆ ಅಲ್ಲಾಡಿಸಿ ಒಳಗೇನೋ ಇದೆ ಎನ್ನಬಹುದು. ಏನಿದೆ ಎಂದು ತಿಳಿಯಲು ಬೀಗ ತೆಗೆಯಲೇಬೇಕಲ್ಲ?

ಬೀಗ ತೆಗೆದದ್ದು ನಮ್ಮ ನ್ಯೂಜೆರ್ಸಿಯಿಂದ ಹಡ್ಸನ್ ದಾಟಿದರೆ ಸಿಗುವ ನ್ಯೂಯಾರ್ಕಿನಲ್ಲಿ, 1903ರ ಅಕ್ಟೋಬರಿನಲ್ಲಿ. ಅಮೆರಿಕದ ಗಣಿತ ಸಂಘದ ಸಭೆಯಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಫ್ರಾಂಕ್ ನೆಲ್ಸನ್ ಕೋಲ್ ಎದ್ದು ಹೋಗಿ, ಒಂದೂ ಮಾತಾಡದೆ ಕಪ್ಪುಹಲಗೆಯ ಮೇಲೆ ಈ ಸಂಖ್ಯೆ ಬರೆದನಂತೆ. ಪಕ್ಕದಲ್ಲಿ 19,37,07,721 ಮತ್ತು 7,61,83,82,57,287 ಬರೆದು ಕೈಯಿಂದಲೇ ಗುಣಿಸಿದ. ಎರಡೂ ಒಂದೇ! ಸಭೆ ಚಪ್ಪಾಳೆ ತಟ್ಟಿತು. ಎಷ್ಟು ದಿನ ಹಿಡಿಯಿತು ಎಂದು ಆಮೇಲೆ ಕೇಳಿದಾಗ, ಮೂರು ವರ್ಷದ ಭಾನುವಾರಗಳು ಎಂದನಂತೆ. ಇದನ್ನು ಬರೆದಿಟ್ಟವರು ಗಣಿತಜ್ಞ ಇ. ಟಿ. ಬೆಲ್.

ಮೊನ್ನೆ ನಾನೂ ಲ್ಯಾಪ್‌ಟಾಪಿನಲ್ಲಿ ಪ್ರಯತ್ನಿಸಿದೆ. ಈ ಸಂಖ್ಯೆಯನ್ನು ಭಾಗಿಸುವ ಯಾವುದರಿಂದಲೇ ಆಗಲಿ ಒಂದು ಕಳೆದರೆ, ಉಳಿದದ್ದು 134ರಿಂದ, ಅಂದರೆ 67ರ ಎರಡರಷ್ಟರಿಂದ, ಭಾಗವಾಗಲೇಬೇಕೆಂಬ ನಿಯಮವಿದೆ. ಹಾಗಾಗಿ 135, 269, 403 ಹೀಗೆ ಹಾರುತ್ತಾ ಹೋದರೆ ಸಾಕು. 14,45,580ನೆಯ ನೆಗೆತಕ್ಕೆ ಕೋಲ್‌ನ ಸಂಖ್ಯೆ ಸಿಕ್ಕಿತು. ಒಂದು ಸೆಕೆಂಡೂ ಹಿಡಿಯಲಿಲ್ಲ. ಹೆಮ್ಮೆಗಿಂತ ಹೆಚ್ಚಾಗಿ ಒಂಥರಾ ನಾಚಿಕೆಯಾಯಿತು.

ಆದರೆ ಕಂಪ್ಯೂಟರು ಗೆದ್ದಿತು ಎಂದುಕೊಳ್ಳಬೇಡಿ. ಸಂಖ್ಯೆ ಅವಿಭಾಜ್ಯವೇ ಅಲ್ಲವೇ ಎಂದು ಖಚಿತವಾಗಿ, ಬೇಗ ಹೇಳುವ ವಿಧಾನವನ್ನು 2002ರಲ್ಲಿ ಐಐಟಿ ಕಾನ್ಪುರದ ಮಣೀಂದ್ರ ಅಗರ್ವಾಲ್, ನೀರಜ್ ಕಯಾಲ್, ನಿತಿನ್ ಸಕ್ಸೇನಾ ಕೊಟ್ಟರು. ಒಡೆದು ತೋರಿಸುವುದು ಮಾತ್ರ ಇಂದಿಗೂ ಕಷ್ಟ. 250 ಅಂಕಿಗಳ ಒಂದು ಸಂಖ್ಯೆಯನ್ನು 2020ರಲ್ಲಿ ಒಡೆಯಲು ಸಾವಿರಾರು ಕಂಪ್ಯೂಟರುಗಳ ದುಡಿಮೆ ಬೇಕಾಯಿತು. 1977ರಲ್ಲಿ ಹುಟ್ಟಿದ ಆರ್‌ಎಸ್‌ಎ ಎಂಬ ಗುಪ್ತಲಿಪಿ ನೆಚ್ಚಿಕೊಂಡಿರುವುದು ಈ ಕಷ್ಟವನ್ನೇ. ಅದರಲ್ಲಿ ಈಗ ಸಾಮಾನ್ಯವಾಗಿ ಬಳಸುವುದು 617 ಅಂಕಿಗಳ ಸಂಖ್ಯೆ. ನಮ್ಮ ಪತ್ರ, ಪಾಸ್‌ವರ್ಡುಗಳ ಗುಟ್ಟು ಉಳಿಯಲು ಇಂಥ ಬೀಗಗಳೇ ಕಾವಲು.

ಹುಡುಕಲು ಮೂರು ವರ್ಷ, ನಂಬಲು ಒಂದೇ ಗುಣಾಕಾರ. ಬರುವ ಭಾನುವಾರ ಮಕ್ಕಳನ್ನು ಕೂರಿಸಿಕೊಂಡು, ಕ್ಯಾಲ್ಕುಲೇಟರ್ ಮುಟ್ಟದೆ, ನೀವೂ ಗುಣಿಸಿ ನೋಡಿ. ಕೋಲ್‌ನ ಮೌನ ಆಗ ಅರ್ಥವಾದೀತು.