ಶ್ವಾರ್ಬರ್ ಮೊದಲು ಆಡಲಿ

2023ರಲ್ಲಿ ಬೇಸ್‌ಬಾಲ್ ತಂಡ ಫಿಲಡೆಲ್ಫಿಯಾ ಫಿಲ್ಲೀಸ್‌ನ ಲೆಫ್ಟ್ ಫೀಲ್ಡರ್ ಕೈಲ್ ಶ್ವಾರ್ಬರ್ ಅವರ ಬ್ಯಾಟಿಂಗ್ ಸರಾಸರಿ ಬರೀ 0.197. ಓಟವೂ ಅಷ್ಟಕ್ಕಷ್ಟೇ. ಇಂಥವರನ್ನು ಬ್ಯಾಟಿಂಗ್ ಕ್ರಮದಲ್ಲಿ ಮೊದಲು ಆಡಿಸುವುದೇ? ಧಾರಾಳವಾಗಿ. ಆ ಸರಾಸರಿಗೆ ವಾಕ್‌ಗಳ ಲೆಕ್ಕವೇ ಇಲ್ಲ. ಅವರು ಗಳಿಸಿದ್ದು 126. ನಾಲ್ಕು ಕೆಟ್ಟ ಎಸೆತ ಬಿಟ್ಟು ನಡೆದುಕೊಂಡೇ ಹೋದರೂ ಬೇಸ್ ಬೇಸೇ! ಹಾಗಾಗಿ ಬೇಸ್ ತಲುಪಿದ ಪ್ರಮಾಣ 0.343.

ಅದೇ ತಂಡದ ಬ್ರ್ಯಾಂಡನ್ ಮಾರ್ಷ್ ಅವರದು 0.372 ಅಲ್ಲವೇ? ಹೌದು, ಅದು ಗಟ್ಟಿ ವಾದವೇ. ಆದರೆ ಅವರ ಹೋಮ್ ರನ್ 12, ಶ್ವಾರ್ಬರ್ ಅವರದು 47. ಹೆಚ್ಚು ಸರದಿ ಸಿಗುವುದು ಮೊದಲ ಸ್ಥಾನಕ್ಕೇ. ಅದು ದೊಡ್ಡ ಹೊಡೆತಗಾರನಿಗೇ ಇರಲಿ. ಬೇಸ್ ಖಾಲಿಯಿದ್ದರೆ ಹೋಮ್ ರನ್ ದಂಡ ಅನ್ನುವವರಿದ್ದಾರೆ. ಖಾಲಿ ಎಂಬ ಖಾತ್ರಿ ಪಂದ್ಯದ ಮೊದಲ ಸರದಿಗಷ್ಟೇ. 215 ಸ್ಟ್ರೈಕ್‌ಔಟ್? ಮುಂದೆ ದೂಡಲು ಬೇಸ್‌ನಲ್ಲಿ ಯಾರೂ ಇಲ್ಲದಾಗ, ಹೇಗೆ ಔಟಾದರೂ ಒಂದೇ.