ಲಕ್ವ ಹೊಡೆದಾಗ ರಕ್ತದ ಸಕ್ಕರೆ ಏರುವುದೇಕೆ, ಇಳಿಸಬೇಕಾದದ್ದು ಎಷ್ಟು?

ಲಕ್ವ ಹೊಡೆದವರನ್ನು ಆಸ್ಪತ್ರೆಗೆ ಕರೆತಂದ ಕೂಡಲೇ ಬೆರಳು ಚುಚ್ಚಿ ಶುಗರ್ ನೋಡುತ್ತಾರೆ. ರಕ್ತದ ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಡುವ ಮೊದಲು ಬಹುತೇಕ ರೋಗಿಗಳಲ್ಲಿ ಕಾಯಲೇಬೇಕಾದ ರಕ್ತಪರೀಕ್ಷೆ ಇದೊಂದೇ. ಸಕ್ಕರೆ ತೀರಾ ಕುಸಿದಾಗಲೂ ಮಾತು ತೊದಲಬಹುದು, ಒಂದು ಕಡೆಯ ಕೈಕಾಲು ಸೋಲಬಹುದು. ನೋಡಲು ಥೇಟ್ ಲಕ್ವವೇ, ಆದರೆ ಚಿಕಿತ್ಸೆ ಬೇರೆ.

ನಿಜವಾದ ಲಕ್ವದಲ್ಲಿ ಸಾಮಾನ್ಯವಾಗಿ ಸಕ್ಕರೆ ಏರಿರುತ್ತದೆ. ‘ಅಪ್ಪನಿಗೆ ಶುಗರೇ ಇರಲಿಲ್ಲವಲ್ಲ, 210 ಹೇಗೆ ಬಂತು?’ ಎಂದು ಮನೆಯವರು ಗಾಬರಿಯಾಗುತ್ತಾರೆ. ಮಿದುಳಿಗೆ ಪೆಟ್ಟು ಬಿದ್ದಾಗ ದೇಹ ಅಡ್ರಿನಲಿನ್, ಕಾರ್ಟಿಸಾಲ್‌ಗಳನ್ನು ಸುರಿಸುತ್ತದೆ. ಅವುಗಳ ಪ್ರಭಾವಕ್ಕೆ ಯಕೃತ್ತು ಸಕ್ಕರೆಯನ್ನು ರಕ್ತಕ್ಕೆ ಬಿಡುತ್ತದೆ, ಇನ್ಸುಲಿನ್ ಕೆಲಸ ಮಂದವಾಗುತ್ತದೆ. ಇದು ಆ ಹೊತ್ತಿನ ಏರಿಕೆಯೋ, ಗೊತ್ತಾಗದೆ ಉಳಿದಿದ್ದ ಸಕ್ಕರೆ ಕಾಯಿಲೆಯೋ ಎಂಬುದನ್ನು ಹಿಂದಿನ ಎರಡು ಮೂರು ತಿಂಗಳ ಸರಾಸರಿ ಹೇಳುವ ಎಚ್‌ಬಿಎ1ಸಿ ಪರೀಕ್ಷೆ ತಿಳಿಸುತ್ತದೆ.

ಈ ಏರಿಕೆಯನ್ನು ಹಗುರವಾಗಿ ನೋಡುವಂತಿಲ್ಲ. ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ 2001ರಲ್ಲಿ ಪ್ರಕಟವಾದ ವಿಶ್ಲೇಷಣೆಯ ಪ್ರಕಾರ, ರಕ್ತನಾಳ ಮುಚ್ಚಿಕೊಂಡು ಲಕ್ವ ಹೊಡೆದ, ಆದರೆ ಸಕ್ಕರೆ ಕಾಯಿಲೆ ಇಲ್ಲದವರಲ್ಲಿ ಶುಗರ್ ಏರಿದ್ದರೆ ಮೊದಲ ತಿಂಗಳೊಳಗೆ ಸಾಯುವ ಅಪಾಯ ಸುಮಾರು ಮೂರು ಪಟ್ಟು. ರಕ್ತ ತಲುಪದ ಜಾಗದ ಸುತ್ತ ಇನ್ನೂ ಸಾಯದ, ಆದರೆ ಉಸಿರುಕಟ್ಟಿದ ಜೀವಕೋಶಗಳಿರುತ್ತವೆ. ಆಮ್ಲಜನಕವಿಲ್ಲದೆ ಅವು ಸಕ್ಕರೆಯನ್ನು ಬಳಸಿದಾಗ ಲ್ಯಾಕ್ಟಿಕ್ ಆಮ್ಲ ತುಂಬಿಕೊಳ್ಳುತ್ತದೆ, ಉಳಿಯಬಹುದಾಗಿದ್ದ ಕೋಶಗಳೂ ನಾಶವಾಗುತ್ತವೆ. ರಕ್ತನಾಳಗಳ ಗೋಡೆಯೂ ಸಡಿಲವಾಗಿ, ಹೆಪ್ಪು ಕರಗಿಸಿದ ಮೇಲೆ ರಕ್ತಸ್ರಾವದ ಭಯ ಹೆಚ್ಚುತ್ತದೆ.

ಹಾಗಾದರೆ ಇನ್ಸುಲಿನ್ ಹರಿಸಿ ಬೇಗನೆ ನೂರರ ಆಸುಪಾಸಿಗೆ ತಂದುಬಿಡೋಣ ಎನಿಸುವುದು ಸಹಜ. ಅಮೆರಿಕದ ‘ಶೈನ್’ ಪ್ರಯೋಗ ಇದನ್ನೇ ಪರೀಕ್ಷಿಸಿತು. 1,151 ರೋಗಿಗಳಲ್ಲಿ ಒಂದು ಗುಂಪಿಗೆ ರಕ್ತನಾಳದ ಮೂಲಕ ಇನ್ಸುಲಿನ್ ಕೊಟ್ಟು ಸಕ್ಕರೆಯನ್ನು 80ರಿಂದ 130ರೊಳಗೆ ಇಡಲು ಯತ್ನಿಸಿದರು. ಇನ್ನೊಂದಕ್ಕೆ ಚರ್ಮದಡಿಯ ಇನ್ಸುಲಿನ್, ಗುರಿ 180ರ ಕೆಳಗೆ. 2019ರಲ್ಲಿ ಪ್ರಕಟವಾದ ಫಲಿತಾಂಶ: 90 ದಿನಗಳ ನಂತರ ಚೆನ್ನಾಗಿ ಚೇತರಿಸಿಕೊಂಡವರು ಬಿಗಿ ಗುಂಪಿನಲ್ಲಿ ಶೇ. 20.5, ಸಡಿಲ ಗುಂಪಿನಲ್ಲಿ ಶೇ. 21.6. ಬಿಗಿ ಗುಂಪಿನ 15 ಜನರಿಗೆ ಸಕ್ಕರೆ 40ಕ್ಕಿಂತ ಕೆಳಗೆ ಕುಸಿಯಿತು, ಇನ್ನೊಂದು ಗುಂಪಿನಲ್ಲಿ ಯಾರಿಗೂ ಇಲ್ಲ. ಏರಿದ ಸಕ್ಕರೆ ಹಾನಿ ಮಾಡುತ್ತದೆ ನಿಜ. ಆದರೆ ದೊಡ್ಡ ಲಕ್ವವಾದಾಗ ಸಕ್ಕರೆಯೂ ಹೆಚ್ಚು ಏರುತ್ತದೆ. ಹಾಗಾಗಿ ಅಂಕಿ ಇಳಿಸಿದಷ್ಟಕ್ಕೇ ಮಿದುಳು ಚೇತರಿಸಿಕೊಳ್ಳುವುದಿಲ್ಲ. ಇಂದು ಸಾಮಾನ್ಯವಾಗಿ 140ರಿಂದ 180ರ ನಡುವೆ ಇಟ್ಟರೆ ಸಾಕು ಎನ್ನುತ್ತಾರೆ. ವಾರ್ಡಿನಲ್ಲಿ 165 ಕಂಡು ‘ಇಳಿಸುತ್ತಲೇ ಇಲ್ಲ’ ಎಂದು ಬೇಸರಪಡಬೇಡಿ.

ನನಗೆ ಇದಕ್ಕಿಂತ ಹೆಚ್ಚು ಭರವಸೆ ಕೊಡುವುದು ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್‌ನ 19 ಲಕ್ವ ಘಟಕಗಳಲ್ಲಿ ನರ್ಸ್‌ಗಳೇ ಮುಂದೆ ನಿಂತು ನಡೆಸಿದ ಕೆಲಸ. ಅವುಗಳಲ್ಲಿ ಕೆಲವು ಘಟಕಗಳಲ್ಲಿ ಮೊದಲ ಮೂರು ದಿನ ಜ್ವರ, ಸಕ್ಕರೆ, ನುಂಗುವ ಶಕ್ತಿ ಈ ಮೂರನ್ನೂ ತಪ್ಪದೆ ಗಮನಿಸಿ, ಏರುಪೇರಾದರೆ ಕೂಡಲೇ ಉಪಚರಿಸಿದರು. ಮೂರು ತಿಂಗಳ ಬಳಿಕ ಸತ್ತವರು ಅಥವಾ ಪರಾವಲಂಬಿಗಳಾದವರು ಶೇ. 42, ಎಂದಿನ ಆರೈಕೆಯಿದ್ದ ಘಟಕಗಳಲ್ಲಿ ಶೇ. 58. ಸಕ್ಕರೆಯೊಂದರಿಂದಲೇ ಆದ ಲಾಭವಲ್ಲ, ಮೂರೂ ಸೇರಿ ಆದದ್ದು.

ಮನೆಯವರ ಪಾಲಿನ ಕೆಲಸವೂ ಇಲ್ಲೇ ಇದೆ. ಸುಸ್ತಾಗಿದೆ ಎಂದು ಸಕ್ಕರೆ ನೀರು, ಎಳನೀರು ಕುಡಿಸಬೇಡಿ. ನುಂಗಲಾಗದವರಿಗೆ ಅದು ಶ್ವಾಸಕೋಶಕ್ಕಿಳಿದು ನ್ಯುಮೋನಿಯಾ ಆಗಬಹುದು. ಶುಗರ್ ಮಾತ್ರೆಯನ್ನೂ ನೀವಾಗಿ ಬಾಯಿಗೆ ಹಾಕಬೇಡಿ, ಮಾತ್ರೆಯ ಚೀಟಿಯನ್ನು ವೈದ್ಯರಿಗೆ ಕೊಡಿ. ಡಿಸ್ಚಾರ್ಜ್ ಹೊತ್ತಿಗೆ ಎಚ್‌ಬಿಎ1ಸಿ ಎಷ್ಟಿತ್ತು ಎಂದು ಕೇಳಿ ಬರೆಸಿಕೊಳ್ಳಿ. ಅದು 6.5 ಅಥವಾ ಮೇಲಿದ್ದರೆ ಸಕ್ಕರೆ ಕಾಯಿಲೆಯ ಚಿಕಿತ್ಸೆಯ ಬಗ್ಗೆ ಅಲ್ಲೇ ಮಾತನಾಡಿ. ಸಹಜವಾಗಿದ್ದರೂ, ಕೆಲವು ವಾರ ಕಳೆದ ಮೇಲೆ ಖಾಲಿ ಹೊಟ್ಟೆಯ ಸಕ್ಕರೆಯನ್ನು ಮತ್ತೊಮ್ಮೆ ನೋಡಿಸಿ.